ಸುರಂಗದ ಬಾಯಲ್ಲಿ ಕೂತವಳ ಸಂಗೀತ

ನನಗೆ ಸಂಗೀತ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಆರು ತಿಂಗಳಿಂದ ನಾನು ಸಂಗೀತ ಮಾಡುತ್ತಿದ್ದೇನೆ.

ಮಾಡುವ ಕ್ರಮ ಹೀಗೆ. ಮಧ್ಯಾಹ್ನ ಊಟದ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು, ಸಿಂಥಸೈಜರ್ ಎಂಬ, ಹಾರ್ಮೋನಿಯಮ್ಮಿನ ಹಾಗೆ ಪಟ್ಟಿಗಳಿರುವ ಕರೆಂಟಿನ ಪೆಟ್ಟಿಗೆಯ ಮುಂದೆ ಕೂರುತ್ತೇನೆ. ಎಡಗಡೆಯಿಂದ ಮೂರನೆಯ ಬಿಳಿ ಪಟ್ಟಿಯ ಮೇಲೆ ಎಲೆಯಡಿಕೆ ಕುಟ್ಟುವ ಕುಟ್ಟಾಣಿಯನ್ನು ಇಡುತ್ತೇನೆ. ಕಬ್ಬಿಣದ್ದು, ಅತ್ತೆಯ ಕಾಲದ್ದು, ಭಾರ ಹದವಾಗಿದೆ. ಅದು ಕೂತಿತೆಂದರೆ ಪಟ್ಟಿ ಮತ್ತೆ ಏಳುವುದಿಲ್ಲ. ಒಂದೇ ಸ್ವರ ನೆಲದ ಕೆಳಗಿನಿಂದ ಬಂದ ಹಾಗೆ ಬರುತ್ತಲೇ ಇರುತ್ತದೆ. ನನ್ನ ಬೆರಳುಗಳಿಗೆ ವಾತ, ಅಷ್ಟು ಹೊತ್ತು ಒತ್ತಿ ಹಿಡಿಯಲು ಆಗುವುದಿಲ್ಲ. ಸ್ವರವನ್ನು ಹಾಗೆಯೇ ಹಿಡಿದಿಡುವ ಗುಂಡಿಯೊಂದು ಪೆಟ್ಟಿಗೆಯಲ್ಲೇ ಇದೆ ಎಂದು ಮೊಮ್ಮಗಳು ಮೂರು ತಿಂಗಳ ಮೇಲೆ ತೋರಿಸಿದಳು. ಅದರ ಮೇಲಿನ ಅಕ್ಷರ ಇಂಗ್ಲಿಷು. ಕನ್ನಡವನ್ನೇ ಮೂರನೇ ಕ್ಲಾಸಿಗೆ ಬಿಟ್ಟವಳು ನಾನು. ಕುಟ್ಟಾಣಿಯೇ ಸಾಕು ಎಂದೆ.

ಇದನ್ನು ಬರೆಯುತ್ತಿರುವುದೂ ನಾನೇ, ಒಂದೊಂದೇ ಅಕ್ಷರ. ಒತ್ತಕ್ಷರಗಳನ್ನು ಮೊಮ್ಮಗಳು ಸರಿ ಮಾಡಿದ್ದಾಳೆ. ಮಾತನ್ನು ಸರಿ ಮಾಡಲು ಬಿಟ್ಟಿಲ್ಲ. ಮನೆಯಲ್ಲಿ ನಾವು ಆಡುವುದು ತುಳು. ಇಲ್ಲಿ ಬರೆದದ್ದು ಅದರ ಕನ್ನಡ.

ಪೆಟ್ಟಿಗೆ ಮೊಮ್ಮಗಳದ್ದು. ಹೆಸರು ರಕ್ಷಾ, ಮಿಜಾರಿನಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ರಜೆ ಬಂದರೆ ಉಳಿದ ಮಕ್ಕಳು ಸಮುದ್ರ ನೋಡಲು ಹೋಗುತ್ತಾರೆ. ಇವಳು ನಾಲ್ಕು ಮಂದಿಯನ್ನು ಕಟ್ಟಿಕೊಂಡು ಗುಹೆಗಳಿಗೆ ನುಗ್ಗುತ್ತಾಳೆ. ತಲೆಗೆ ದೀಪದ ಟೊಪ್ಪಿ, ಮೊಣಕಾಲಿಗೆ ಪಟ್ಟಿ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗಿ ಮೈತುಂಬ ಕೆಸರು ಮಾಡಿಕೊಂಡು ಬರುತ್ತಾಳೆ.

"ಒಳಗೆ ಎಂತ ಸಿಕ್ಕಿತು?" ಎಂದು ಮೊದಲ ಸಲ ಕೇಳಿದ್ದೆ.

"ಏನಿಲ್ಲ ಅಜ್ಜಿ, ಗುಹೆ."

"ನೀರು?"

"ಇಲ್ಲ."

"ಮತ್ತೆ ಯಾಕೆ ಹೊಕ್ಕದ್ದು?"

ಆಗ ಅವಳು ಸಂಗೀತದ ವಿಷಯ ಹೇಳಿದಳು. ಗುಹೆಯೊಳಗೆ ಕೂತು ಕೇಳಿದ್ದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡು ಆಮೇಲೆ ಈ ಪೆಟ್ಟಿಗೆಯಲ್ಲಿ ಸದ್ದು ಕಟ್ಟುವುದಂತೆ. ಡಾರ್ಕ್ ಆಂಬಿಯೆಂಟ್ ಎಂದು ಅದರ ಹೆಸರು. ತಾಳ ಇಲ್ಲ, ಹಾಡು ಇಲ್ಲ, ಕತ್ತಲೆಯಲ್ಲಿ ಕೂತ ಹಾಗೆ ಆಗಬೇಕು, ಅಷ್ಟೇ. "ಅದಕ್ಕೆ ಇಷ್ಟು ಕರೆಂಟು ಸುಡುವುದು ಯಾಕೆ? ಕರೆಂಟು ಹೋದರೆ ಸಾಕಲ್ಲ" ಎಂದೆ. ಅವಳು ನಕ್ಕಳು, ಆದರೆ ಪೆಟ್ಟಿಗೆಯನ್ನು ವಾಪಸು ಒಯ್ಯಲಿಲ್ಲ. ಹಾಸ್ಟೆಲಿನಲ್ಲಿ ಪಕ್ಕದ ಕೋಣೆಯ ಹುಡುಗಿಯರು ಹೆದರಿ ದೂರು ಕೊಟ್ಟಿದ್ದರು. ಹಾಗಾಗಿ ಅದು ಮಡಂತ್ಯಾರಿನ ಹತ್ತಿರದ ನಮ್ಮ ಎರಡು ಕೋಣೆಯ ಮನೆಗೆ ಬಂತು. ಶನಿವಾರ ಶನಿವಾರ ಅವಳೂ ಬರುತ್ತಾಳೆ.

ಗುಹೆಯ ವಿಷಯದಲ್ಲಿ ನನ್ನ ಹತ್ತಿರ ಯಾರೂ ಹೆಚ್ಚು ಮಾತಾಡಬಾರದು. ನನ್ನ ಗಂಡ ಸುರಂಗ ತೋಡುವವರು. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ ಎಷ್ಟು ಗುಡ್ಡಗಳಿಗೆ ಇವರು ತೂತು ಹಾಕಿದ್ದಾರೆ ಎಂಬುದಕ್ಕೆ ಲೆಕ್ಕವಿಲ್ಲ. ಸುರಂಗ ಎಂದರೆ ಬಾವಿಯನ್ನು ಅಡ್ಡ ಮಲಗಿಸಿದ ಹಾಗೆ. ಗುಡ್ಡದ ಬದಿಗೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಬಾಯಿ ತೆಗೆದು, ನೀರು ಸಿಗುವವರೆಗೆ ಕೆಂಪು ಮುರಕಲ್ಲನ್ನು ಕಡಿಯುತ್ತಾ ಒಳಗೆ ಹೋಗುವುದು. ಸಿಕ್ಕಿದ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ. ಹಗ್ಗ ಬೇಡ, ಪಂಪು ಬೇಡ. ಕೈಯಲ್ಲಿ ಗಿಡ್ಡ ಹಿಡಿಯ ಪಿಕಾಸಿ, ಪಕ್ಕದಲ್ಲಿ ಮೇಣದಬತ್ತಿ. ಬತ್ತಿ ನಂದುವ ಹಾಗೆ ಆದರೆ ಗಾಳಿ ಮುಗಿಯಿತು, ಹೊರಗೆ ಬರಬೇಕು. ಇದಕ್ಕಿಂತ ಹೆಚ್ಚಿನ ಯಂತ್ರ ಇವರು ಯಾವತ್ತೂ ಇಟ್ಟುಕೊಂಡವರಲ್ಲ.

ನನ್ನ ಕೆಲಸ ಬಾಯಲ್ಲಿ. ಕಡಿದ ಮಣ್ಣನ್ನು ಇವರು ಅಡಿಕೆ ಹಾಳೆಗೆ ತುಂಬಿ ಹಗ್ಗ ಎಳೆಯುತ್ತಿದ್ದರು. ನಾನು ಹೊರಗಿನಿಂದ ಹಾಳೆಯನ್ನು ಜಗ್ಗಿ, ಮಣ್ಣು ಚೆಲ್ಲಿ, ಖಾಲಿ ಹಾಳೆಯನ್ನು ಮತ್ತೆ ಒಳಗೆ ಬಿಡುತ್ತಿದ್ದೆ. ನಡುವೆ ಬೇರೆ ಕೆಲಸ ಇಲ್ಲ, ಪಿಕಾಸಿಯ ಸದ್ದು ಕೇಳುವುದು. ಧಪ್, ಧಪ್. ಮೊದಲ ವಾರ ಅದು ಎದೆಗೇ ಬಡಿದ ಹಾಗೆ ಇರುತ್ತದೆ. ಆಮೇಲೆ ಪಕ್ಕದ ಮನೆಯಲ್ಲಿ ಯಾರೋ ಅವಲಕ್ಕಿ ಕುಟ್ಟಿದ ಹಾಗೆ. ಮತ್ತೆ ಎಲ್ಲೋ ಕುಟ್ಟಿದ ಹಾಗೆ. ಸದ್ದು ಸಣ್ಣದಾದಷ್ಟೂ ಇವರು ದೂರ. ನಾವು ಉದ್ದವನ್ನು ಕೋಲಿನಲ್ಲಿ ಅಳೆಯುವುದು, ಒಂದು ಕೋಲು ಎಂದರೆ ಎರಡೂವರೆ ಅಡಿ. ಕಣ್ಣು ಮುಚ್ಚಿಕೊಂಡು ಕೇಳಿ, ಈಗ ಹದಿನಾಲ್ಕು ಕೋಲು, ಈಗ ಹದಿನೈದು ಎಂದು ನಾನು ಹೇಳುತ್ತಿದ್ದೆ. ತಪ್ಪುತ್ತಿರಲಿಲ್ಲ. ಓದದ ನನಗೆ ಇಷ್ಟಾದರೂ ಬರುತ್ತಿತ್ತು.

ಹತ್ತು ಗಂಟೆಗೆ ಚಾ ಮಾಡಿ ಬಾಯಲ್ಲಿ ಮುಖವಿಟ್ಟು ಕೂಗುತ್ತಿದ್ದೆ: "ಸಾಕು, ಹೊರಗೆ ಬನ್ನಿ, ಚಾ ತಣಿಯುತ್ತದೆ." ಒಳಗಿನಿಂದ ಉತ್ತರ: "ಇನ್ನೊಂದು ಹಾಳೆ ಉಂಟು." ಒಂದು ಹಾಳೆ ಎಂದು ನಾಲ್ಕು ಕಳಿಸುತ್ತಿದ್ದರು. ನಲವತ್ತು ವರ್ಷದಲ್ಲಿ ಒಂದೇ ಕೂಗಿಗೆ ಬಂದದ್ದಿಲ್ಲ. ನಲವತ್ತು ವರ್ಷ ಇವರು ಕುಡಿದದ್ದು ತಣ್ಣಗಿನ ಚಾ.

ಆ ಕಲ್ಲಿನ ಹುಡಿ ಈಗ ಇವರ ಶ್ವಾಸಕೋಶದಲ್ಲಿದೆ. ಗಾಳಿ ಸಾಲುವುದಿಲ್ಲ. ಮಂಚದ ಪಕ್ಕದಲ್ಲಿ ಆಕ್ಸಿಜನಿನ ಯಂತ್ರ ಗುಂಯ್ ಎಂದು ಹಗಲೆಲ್ಲ ಕೂಗುತ್ತದೆ, ಅದರ ಕೊಳವೆ ಇವರ ಮೂಗಿನಲ್ಲಿ. ಯಂತ್ರದ ಮೇಲೆ ಒಂದು ಹಸಿರು ದೀಪ. "ನನ್ನ ಮೇಣದಬತ್ತಿ" ಎನ್ನುತ್ತಾರೆ. ಮಾತಾಡಿದರೆ ಉಬ್ಬಸ, ಆದರೆ ಚೇಷ್ಟೆಗೆ ಅದು ಅಡ್ಡ ಬಂದಿಲ್ಲ.

ಅಡ್ಡ ಬಂದದ್ದು ಬೇರೆ. ಇವರು ತೋಡಿದ್ದರಲ್ಲಿ ಉದ್ದದ್ದು ಮುಂಡಾಜೆಯ ಒಂದು ಗುಡ್ಡದಲ್ಲಿತ್ತು, ನಲವತ್ತು ಕೋಲು. ಹೋದ ಮಳೆಗೆ ಅದರ ಬಾಯಿ ಕುಸಿಯಿತು. ಆ ಮನೆಯವರಿಗೆ ಈಗ ಬೋರ್‌ವೆಲ್ ಇದೆ, ಮಣ್ಣು ತೆಗೆಸುವ ಅಗತ್ಯವಿಲ್ಲ. ಅವರನ್ನು ದೂರುವುದಕ್ಕೂ ಇಲ್ಲ. ಸುದ್ದಿ ಕೇಳಿದ ದಿನದಿಂದ ಇವರು ಗೋಡೆಯ ಕಡೆಗೆ ತಿರುಗಿ ಮಲಗಿದರು. ಗಂಜಿ ಅರ್ಧ, ಮಾತು ಅದಕ್ಕಿಂತ ಕಡಿಮೆ. ನಾಲ್ಕನೆಯ ದಿನ ಗೋಡೆಗೇ ಹೇಳಿದರು: "ಒಂದು ಸಲ ಅದರ ಒಳಗೆ ಕೂತು ಕೇಳಿ ಬರಬೇಕಿತ್ತು."

ಕೊಳವೆ ಬಿಟ್ಟು ಅಂಗಳಕ್ಕೆ ಬರಲಾಗದ ಮನುಷ್ಯ. ಬಾಯಿ ಮುಚ್ಚಿಹೋದ ಸುರಂಗ. ಯಾವುದನ್ನೂ ನಾನು ತೆರೆಯುವ ಹಾಗಿರಲಿಲ್ಲ. ಮೂಲೆಯಲ್ಲಿ ರಕ್ಷಾಳ ಪೆಟ್ಟಿಗೆ ಇತ್ತು.

ಮುಂದಿನ ಶನಿವಾರ ಅವಳಿಗೆ ಹೇಳಿದೆ, ನನಗೆ ಇದನ್ನು ಕಲಿಸು. ಇಂಗ್ಲಿಷು ಓದಲು ಬಾರದವಳಿಗೆ ಹೇಗೆ ಕಲಿಸುವುದು ಎಂದು ಅವಳು ಎರಡು ನಿಮಿಷ ಯೋಚಿಸಿ, ತನ್ನ ಹಣೆಯ ಬಿಂದಿಗಳ ಕಟ್ಟನ್ನು ತೆಗೆದು ಗುಂಡಿಗುಂಡಿಗೂ ಅಂಟಿಸಿದಳು. ಹಸಿರು ಬಿಂದಿ ತಿರುಗಿಸಿದರೆ ಗಾಳಿ. ನೀಲಿ ತಿರುಗಿಸಿದರೆ ಸದ್ದು ದೂರ ಹೋಗುತ್ತದೆ, ಗೋಡೆಗೆ ಬಡಿದು ವಾಪಸು ಬರುತ್ತದೆ. ಕೆಂಪು ಮುಟ್ಟಬಾರದು. ಇಂಜಿನಿಯರಿಂಗ್ ಕಲಿತದ್ದಕ್ಕೆ ಇಷ್ಟು ಪ್ರಯೋಜನ ಕಂಡೆ.

ಒಂದು ತಿಂಗಳು ಕುಟ್ಟಾಣಿ ಇಟ್ಟು ಕೂತೆ. ತಗ್ಗಿನ ಸ್ವರ ಹಾಕಿದೆ. ಅದರ ಮೇಲೆ ಗಾಳಿ ಕೂಗಿಸಿದೆ. ಪಿಕಾಸಿಯ ಧಪ್ ಧಪ್ ಬರಿಸಿದೆ, ಅದು ಸಣ್ಣದಾಗುತ್ತಾ ಹೋಗಿ ಒಮ್ಮೆಗೇ ನಿಲ್ಲುವ ಹಾಗೆ ಮಾಡಿದೆ. ನಿಂತ ಜಾಗದಲ್ಲಿ ನನಗೇ ಮೈ ಜುಂ ಎಂದಿತು. ರಕ್ಷಾ ಕೇಳಿ, "ಅಜ್ಜಿ, ಇದು ನನ್ನದಕ್ಕಿಂತ ಡಾರ್ಕ್ ಉಂಟು" ಎಂದಳು. ಹೊಗಳಿಕೆ ಎಂದು ತಿಳಿದು ಬೀಗಿದೆ. ಆಚೆಮನೆಯ ಖತೀಜಮ್ಮ ಬೇಲಿಯ ಹತ್ತಿರ ಬಂದು ಕೇಳಿದಳು:

"ಎಂತ ಅಕ್ಕ, ನಿಮ್ಮ ಪಂಪಿಗೆ ಗಾಳಿ ಹಿಡಿದಿದೆಯಾ? ಅರ್ಧ ಗಂಟೆಯಿಂದ ಕೂಗ್ತಾ ಉಂಟು."

"ಪಂಪಲ್ಲ ಮಾರಾಯ್ತಿ, ಸಂಗೀತ."

ಅವಳು ತಲೆ ಓರೆ ಮಾಡಿ ಮತ್ತೆ ಸ್ವಲ್ಪ ಹೊತ್ತು ಕೇಳಿದಳು. "ಮೆಕ್ಯಾನಿಕ್ಕಿನ ನಂಬರ್ ನನ್ನ ಹತ್ರ ಉಂಟು, ಬೇಕಾದ್ರೆ ಹೇಳಿ" ಎಂದು ಹೋದಳು.

ತಿಂಗಳೆಲ್ಲ ತುಂಡು ತುಂಡಾಗಿ ಕಿವಿಗೆ ಬಿದ್ದದ್ದನ್ನು ಆ ದಿನವೇ ಇವರಿಗೆ ಪೂರ್ತಿ ಕೇಳಿಸಿದೆ. ಇವರು ಗೋಡೆಯ ಕಡೆಯಿಂದ ಈ ಕಡೆಗೆ ತಿರುಗಿದರು. ಅಷ್ಟಾಯಿತಲ್ಲ ಎಂದುಕೊಂಡೆ.

"ಇದು ಯಾವ ಗುಹೆ?"

"ನಿಮ್ಮದೇ. ಮುಂಡಾಜೆಯದ್ದು."

"ಅಲ್ಲ. ಇದರಲ್ಲಿ ಹುಲಿ ಉಂಟು."

ನನಗೆ ಸಿಟ್ಟು ಬಂತು. ಒಂದು ತಿಂಗಳು ಸೊಂಟ ನೋಯಿಸಿಕೊಂಡದ್ದು. "ಹುಲಿ ಇಲ್ಲ, ಎಂತ ಇಲ್ಲ. ನಾನು ಕೇಳಿದ್ದು ಹೀಗೆಯೇ" ಎಂದೆ. ಇವರು ಉಸಿರು ಕೂಡಿಸಿಕೊಂಡು ಹೇಳಿದರು: "ನೀನು ಕೇಳಿದ್ದು ಹೊರಗೆ ಕೂತು. ಹೆದರಿಕೆ ಇದ್ದದ್ದು ಹೊರಗೆ ಮಾರಾಯ್ತಿ. ಒಳಗೆ ಇರಲಿಲ್ಲ. ಒಳಗೆ ತಂಪು."

ನಾನು ಅಡುಗೆಮನೆಗೆ ಹೋಗಿ ಪಾತ್ರೆ ಕುಕ್ಕಿದೆ. ಪಾತ್ರೆ ಕುಕ್ಕುವಾಗ ನೆನಪಾಯಿತು.

ಮುಂಡಾಜೆಯಲ್ಲಿ ಇಪ್ಪತ್ತೆರಡನೆಯ ಕೋಲಿಗೆ ಕರಿಬಂಡೆ ಅಡ್ಡ ಬಂತು, ಇವರು ಸುರಂಗವನ್ನು ಎಡಕ್ಕೆ ತಿರುಗಿಸಿದರು. ತಿರುವು ದಾಟಿ ಮುಂದೆ ಹೋದ ಮೇಲೆ ಮೇಣದಬತ್ತಿಯ ಬೆಳಕು ಬಾಯಿಗೆ ಕಾಣಲಿಲ್ಲ, ಪಿಕಾಸಿಯ ಸದ್ದು ನೂಲಿನಷ್ಟಾಯಿತು. ಒಂದು ದಿನ ಆ ನೂಲೂ ತುಂಡಾಯಿತು. ಕೂಗಿದರೆ ಉತ್ತರವಿಲ್ಲ, ಹಗ್ಗ ಎಳೆದರೆ ಸಡಿಲ. ಹಾಳೆ ಬಿಸಾಡಿ ಒಳಗೆ ನುಗ್ಗಿದೆ. ಅದೇ ಮೊದಲು, ಅದೇ ಕೊನೆ. ಕತ್ತಲೆಯಲ್ಲಿ ತೆವಳಿ, ತಿರುವಿನಲ್ಲಿ ತಲೆ ಜಜ್ಜಿಕೊಂಡು, ಕೊನೆಗೆ ತಲುಪಿದರೆ ಈ ಮನುಷ್ಯ ಬತ್ತಿಯ ಪಕ್ಕದಲ್ಲಿ ಕಾಲು ಚಾಚಿ ಕೂತು ಎಲೆಯಡಿಕೆ ಜಗಿಯುತ್ತಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ಕೈ ಎತ್ತಿದರು: "ಶ್. ಕೇಳು."

ನಾನು ಕೇಳಲಿಲ್ಲ. ಬೈದೆ. ಆ ಗುಡ್ಡ ಹುಟ್ಟಿದ ಮೇಲೆ ಅಂಥ ಬೈಗಳನ್ನು ಕೇಳಿರಲಿಕ್ಕಿಲ್ಲ. ಬೈದು ಮುಗಿಸಿ ಅಳುತ್ತಾ ತೆವಳಿಕೊಂಡು ಹೊರಗೆ ಬಂದೆ. ಮರುದಿನ ನೀರು ಬಾಯಿಗೆ ಬಂತು. ಆ ದಿನ ಇವರು ಕೇಳು ಎಂದದ್ದು ಮೊದಲ ಹನಿಯನ್ನು. ಅದು ಹೇಗೆ ಕೇಳುತ್ತದೆ ಎಂದು ನನಗೆ ಗೊತ್ತೇ ಇಲ್ಲ. ಗೊತ್ತಿಲ್ಲದ್ದನ್ನು ನಾನು ಒಂದು ತಿಂಗಳು ಬಾರಿಸಿದ್ದೆ.

ಕೈ ಒರೆಸಿಕೊಂಡು ವಾಪಸು ಬಂದು ಮಂಚದ ಬುಡದಲ್ಲಿ ಕೂತೆ. "ಹೇಗಿತ್ತು, ಹೇಳಿ" ಎಂದೆ. ಐವತ್ತು ವರ್ಷದ ಸಂಸಾರದಲ್ಲಿ ನಾನು ಹಾಗೆ ಕೇಳಿದ್ದು ಕಡಿಮೆ. ಇವರೂ ಒಮ್ಮೆ ನನ್ನ ಮುಖ ನೋಡಿದರು.

ಅಲ್ಲಿಂದ ಕೆಲಸ ಬೇರೆಯಾಯಿತು. ಇವರು ಮಂಚದಲ್ಲಿ, ನಾನು ಪೆಟ್ಟಿಗೆಯ ಮುಂದೆ. ಇವರು ಒಂದು ಮಾತು ಹೇಳುವುದು, ನಾಲ್ಕು ಉಸಿರು ಎಳೆಯುವುದು, ಇನ್ನೊಂದು ಹೇಳುವುದು. ಹಸಿರು ಬಿಂದಿಯ ಗಾಳಿಯನ್ನು ತೆಗೆಸಿದರು. "ಒಳಗೆ ಗಾಳಿ ಕೂಗುವುದಿಲ್ಲ. ನಿಂತಿರುತ್ತದೆ." ಪಿಕಾಸಿ ಬೇಡವೆಂದರು. "ಅದು ಕೆಲಸದ ಸದ್ದು. ನಾನು ಕೆಲಸ ನಿಲ್ಲಿಸಿ ಕೇಳಿದ್ದಲ್ಲವಾ." ತಗ್ಗಿನ ಸ್ವರವನ್ನು ರಕ್ಷಾ ಆಕ್ಸಿಜನ್ ಯಂತ್ರದ ಗುಂಯ್‌ಗೆ ಹೊಂದಿಸಿಕೊಟ್ಟಳು. ಎರಡೂ ಸ್ವರ ಹತ್ತಿರ ಹತ್ತಿರ ಬಂದಾಗ ನಡುವೆ ಒಂದು ತೂಗು ಹುಟ್ಟುತ್ತದೆ, ತೊಟ್ಟಿಲು ತೂಗಿದ ಹಾಗೆ. ಅಲ್ಲಿಯವರೆಗೆ ಆ ಯಂತ್ರವನ್ನು ಕಂಡರೆ ನನಗಾಗುತ್ತಿರಲಿಲ್ಲ. ಈಗ ಅದೂ ನಮ್ಮ ಜತೆಗೆ ಬಾರಿಸುತ್ತದೆ.

ಕಷ್ಟವಾದದ್ದು ಹನಿ. ಬಲತುದಿಯ ಒಂದು ಪಟ್ಟಿಯನ್ನು ಉಗುರಿನಲ್ಲಿ ಮುಟ್ಟಿದರೆ ನೀಲಿ ಬಿಂದಿ ಅದನ್ನು ಗೋಡೆಗೆ ಬಡಿದು ತರುತ್ತದೆ. ನಾನು ಮುಟ್ಟಿದಾಗಲೆಲ್ಲ ಇವರು ತಲೆ ಅಲ್ಲಾಡಿಸಿದರು.

"ಅವಸರ. ಅದು ನಲ್ಲಿ."

"ಈಗ?"

"ಒಂದು ಹನಿ ಬಿದ್ದ ಮೇಲೆ, ಇನ್ನು ಬೀಳುವುದಿಲ್ಲ ಅಂತ ಆಗಬೇಕು. ಇಲ್ಲ, ನೀರಿಲ್ಲ, ಮೋಸಹೋದೆ ಅಂತ ಆಗಬೇಕು. ಆಗ ಬೀಳಬೇಕು."

ಇಷ್ಟು ಹೇಳಿ ಹತ್ತು ನಿಮಿಷ ಉಬ್ಬಸಪಟ್ಟರು. ಆದರೆ ಸಂಜೆ ಗಂಜಿ ಪೂರ್ತಿ ಕುಡಿದರು.

ರಕ್ಷಾಳಿಗೆ ಸ್ವಲ್ಪ ಬೇಸರ. "ಅಜ್ಜಿ, ಇದು ಈಗ ಡಾರ್ಕ್ ಅಲ್ಲ" ಎಂದಳು. ಕತ್ತಲೆ ಹಾಗೆಯೇ ಉಂಟು, ಹುಲಿಯನ್ನು ಮಾತ್ರ ಓಡಿಸಿದ್ದು ಎಂದೆ. ಅವಳು ಎರಡು ವಾರ ಯೋಚಿಸಿರಬೇಕು. ಹೋದ ಸಲ ಗುಹೆಗೆ ಹೋದಾಗ ದೀಪದ ಟೊಪ್ಪಿ ಆರಿಸಿ ಸುಮ್ಮನೆ ಅರ್ಧ ಗಂಟೆ ಕೂತಳಂತೆ. "ಎಂತ ಆಯಿತು?" ಎಂದು ಕೇಳಿದೆ. "ತಂಪು ಉಂಟು ಅಜ್ಜಿ" ಎಂದಳು.

ಮೊನ್ನೆ ಮಧ್ಯಾಹ್ನ ಊಟವಾದ ಮೇಲೆ ಕುಟ್ಟಾಣಿ ಇಟ್ಟೆ. ತೂಗು ಶುರುವಾಯಿತು. ಹನಿಗೆ ಕೈ ಎತ್ತಿದವಳು ಮುಟ್ಟಲಿಲ್ಲ, ಕಾದೆ. ಇನ್ನು ಬೀಳುವುದಿಲ್ಲ ಎನಿಸಿತು. ಆಮೇಲೆ ನಿಜವಾಗಿಯೂ ಬೀಳುವುದಿಲ್ಲ ಎನಿಸಿತು, ಎಷ್ಟೆಂದರೆ ಬೀಳಿಸುವವಳು ನಾನೇ ಎಂಬುದು ಮರೆತುಹೋಯಿತು. ಆಗ ಉಗುರು ತಾನಾಗಿ ಇಳಿಯಿತು. ಮಂಚದ ಕಡೆಯಿಂದ ಟಕ್ ಟಕ್ ಎಂದು ಕೇಳಿತು. ಇವರು ಕಣ್ಣು ಮುಚ್ಚಿಕೊಂಡು ಬೆರಳ ಗೆಣ್ಣಿನಿಂದ ಗೋಡೆ ಬಡಿದು ನೋಡುತ್ತಿದ್ದರು, ಕಲ್ಲಿನ ಆಚೆ ಎಷ್ಟು ಹಸಿ ಇದೆ ಎಂದು ಮೊದಲು ನೋಡುತ್ತಿದ್ದ ಹಾಗೆ.

"ಇಪ್ಪತ್ತೆರಡು ಕೋಲು" ಎಂದರು. "ಇಲ್ಲಿ ತಿರುಗು. ತಲೆ ಬಗ್ಗಿಸು, ಹೋದ ಸಲ ಜಜ್ಜಿಕೊಂಡಿದ್ದಿ."

ನಾನು ನಿಜವಾಗಿ ತಲೆ ಬಗ್ಗಿಸಿದೆ. ಪುಣ್ಯಕ್ಕೆ ಖತೀಜಮ್ಮ ಬೇಲಿಯಲ್ಲಿ ಇರಲಿಲ್ಲ.

ಎಷ್ಟು ಹೊತ್ತು ಕೂತೆನೋ. ಮೂರೋ ನಾಲ್ಕೋ ಹನಿ, ಅಷ್ಟೇ. ಬಿಸಿಲು ಹೊಸಿಲು ದಾಟಿತ್ತು, ಚಾಕ್ಕೆ ನೀರಿಡುವ ಹೊತ್ತು ಮೀರಿತ್ತು. ಮಂಚದಿಂದ ಇವರು ಕೂಗಿದರು. ಕೂಗು ಎನ್ನುವಷ್ಟು ಉಸಿರು ಅದರಲ್ಲಿ ಇರಲಿಲ್ಲ, ಆದರೆ ಕೂಗಿದ್ದೇ.

"ಸಾಕು, ಹೊರಗೆ ಬಾ."

ಒಳಗೆ ತಂಪಾಗಿತ್ತು. ಇಷ್ಟು ವರ್ಷ ಯಾಕೆ ಇವರು ಒಂದೇ ಕೂಗಿಗೆ ಬರಲಿಲ್ಲ ಎಂದು ಗೊತ್ತಾಯಿತು. ಹೇಳಬಹುದಿತ್ತು, ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ.

"ಇನ್ನೊಂದು ಹಾಳೆ ಉಂಟು" ಎಂದೆ, ಏಳಲಿಲ್ಲ.