ತತ್ತಿಯೊಳಗಿನ ಐದು ದಿನಗಳು

“ಸರ್, ನಾ ಕಳ್ಳಿ ಕಂಡಂಗ ಕಾಣ್ತೀನೇನ್ರಿ?”

ಬುಧವಾರ ಬೆಳಿಗ್ಗೆ ಬಾಗಿಲು ತೆರೆದಾಗ ಶಾಂತಾಬಾಯಿ ಕೇಳಿದ ಮೊದಲ ಪ್ರಶ್ನೆ ಇದು. (ಬುಧವಾರವೇ ಹೌದು, ದಿನಚರಿಯನ್ನು ಎರಡು ಬಾರಿ ನೋಡಿದ್ದೇನೆ. ವಾರ, ತಾರೀಖುಗಳ ವಿಷಯದಲ್ಲಿ ನನ್ನ ಹಟ ಈ ಅಂಕಣದ ಓದುಗರಿಗೆ ಹೊಸದಲ್ಲ.) ಬಗಲಲ್ಲಿದ್ದ ತತ್ತಿಯ ಬುಟ್ಟಿ ತುಂಬಿದ್ದಂತೆಯೇ ಮರಳಿ ಬಂದಿತ್ತು.

ಶಾಂತಾಬಾಯಿ ವಿಜಾಪುರದ ಕಡೆಯವರು, ಈ ತೆಲುಗು ನಾಡಿನ ನಗರಕ್ಕೆ ಬಂದು ನೆಲೆಸಿದವರು. ಗಂಡ ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ಫಿಟ್ಟರ್. ಮಣಿಕೊಂಡದ ನಮ್ಮ ಓಣಿಯ ಕೊನೆಯಲ್ಲಿ ಅವರ ಮನೆ, ಹಿತ್ತಲಲ್ಲಿ ಜವಾರಿ ಕೋಳಿಗಳ ಶೆಡ್ಡು. ಪಕ್ಕದ ಬಯಲಿನಲ್ಲಿ ಈಚೆಗೆ ಎದ್ದು ನಿಂತ ಅಪಾರ್ಟ್‌ಮೆಂಟಿನವರೇ ಗಿರಾಕಿಗಳು. ಬಹುಪಾಲು ಕೊಂಡಾಪುರದ ಐಟಿ ಕಚೇರಿಗಳಿಗೆ ಹೋಗಿಬರುವ ತರುಣ ದಂಪತಿಗಳು.

ಅವರಲ್ಲೊಬ್ಬಳು, ಸಾಫ್ಟ್‌ವೇರ್ ಟೆಸ್ಟರ್ ಆಗಿರುವ ಮಾಧವಿ, ಗೇಟಿನಲ್ಲೇ ತಕರಾರು ತೆಗೆದಿದ್ದಳು. ತತ್ತಿಯ ಹಳದಿ ದಿನೇ ದಿನೇ ಬೆಳ್ಳಗಾಗುತ್ತಿದೆ. ಆದ್ದರಿಂದ ಇವು ಜವಾರಿ ತತ್ತಿಗಳಲ್ಲ, ಎಲ್ಲಿಂದಲೋ ತಂದ ಫಾರಂ ತತ್ತಿಗಳು. ಮುಂದಿನ ವಾರದ ಭಾನುವಾರ ಅಸೋಸಿಯೇಷನ್ ಮೀಟಿಂಗ್. ತೀರ್ಮಾನವಾಗುವ ತನಕ ಬುಟ್ಟಿ ಒಳಗೆ ಬರಕೂಡದು.

“ವ್ಯಾಪಾರ ಹೋದ್ರ ಹೋಗ್ಲಿರಿ. ಕಳ್ಳಿ ಅನಿಸ್ಕೊಂಡು ದಿನಾ ಆ ಗೇಟಿನ ಮುಂದ ಹ್ಯಾಂಗ ಓಡಾಡ್ಲಿ?”

ಒಳಗಿನಿಂದ ನನ್ನ ಹೆಂಡತಿ ಸುಶೀಲಾ ಹೇಳಿದಳು: “ಕುಂದರ್ರಿ ಶಾಂತಾಬಾಯಿ. ಕೋಳಿ ಮೇವಿನ ಮ್ಯಾಲೆ ಇವರು ಜೀವಮಾನ ಎಲ್ಲಾ ಬರದಾರ. ಒಮ್ಮೆ ಕೋಳಿಗೂ ಉಪಯೋಗ ಆಗ್ಲಿ.”

(ನಿವೃತ್ತ ಸಂಶೋಧಕನಿಗೆ ಮನೆಯಲ್ಲಿ ದೊರೆಯುವ ಮರ್ಯಾದೆ ಇಷ್ಟು.)

ಒಂದು ತತ್ತಿಯನ್ನು ಬಸಿಯಲ್ಲಿ ಒಡೆದು ನೋಡಿದೆ. ಮಜ್ಜಿಗೆಗೆ ಚಿಟಿಕೆ ಅರಿಶಿಣ ಬೆರೆಸಿದಷ್ಟೇ ಬಣ್ಣ. ಮಾಧವಿ ಕಂಡದ್ದು ಸುಳ್ಳಲ್ಲ. ಆದರೆ ಕಂಡದ್ದರಿಂದ ಆಕೆ ಕಟ್ಟಿದ ತರ್ಕ?

“ಕೋಳಿಗೆ ಏನು ಹಾಕುತ್ತೀರಿ?”

“ಮೊದಲ ಗೋವಿನಜೋಳದ ನುಚ್ಚು ಹಾಕ್ತಿದ್ದೆರಿ. ಬಯಲಾಗ ಹುಲ್ಲೂ ತಿಂದು ಬರ್ತಿದ್ವು. ಅಪಾರ್ಟ್‌ಮೆಂಟ್ ಬಂತು, ಬಯಲು ಹೋತು, ಕೋಳಿ ಶೆಡ್ಡಿನಾಗ ಉಳದ್ವು. ಪಾಪ ಅನಿಸಿ ನಮ್ಮೂರಿಂದ ಬಿಳಿಜೋಳ ತರಿಸಿ ಹಾಕಾಕತ್ತೀನಿ. ಭಾಳ ಚಲೋ ಜೋಳರಿ, ನಾವು ರೊಟ್ಟಿಗೆ ಹಾಕೂವಂಥಾವು!”

ನನಗೆ ನಗು ಬಂತು. ಮರುಕ್ಷಣವೇ ಬೇಸರವೂ ಆಯಿತು. ರೊಟ್ಟಿಯ ನಾಡಿನವರಿಗೆ ಬಿಳಿಜೋಳಕ್ಕಿಂತ ದೊಡ್ಡ ಉಪಚಾರ ಯಾವುದಿದೆ? ಶಾಂತಾಬಾಯಿ ಕೋಳಿಗಳಿಗೆ ಮಾಡಿದ್ದು ಆ ಉಪಚಾರವನ್ನೇ. ಕಳ್ಳತನದ ಆರೋಪ ಹುಟ್ಟಿದ್ದೂ ಅದರಿಂದಲೇ.

ವಿಷಯ ಸರಳ. ಹಳದಿಯ ಬಣ್ಣವನ್ನು ಕೋಳಿ ತಾನಾಗಿ ತಯಾರಿಸಿಕೊಳ್ಳಲಾರದು. ಅದು ಮೇವಿನಿಂದಲೇ ಬರಬೇಕು. ಹಸಿರು ಹುಲ್ಲಿನಲ್ಲಿ, ಗೋವಿನಜೋಳದಲ್ಲಿ (ಅಂದರೆ ಮೆಕ್ಕೆಜೋಳದಲ್ಲಿ), ಚೆಂಡುಹೂವಿನಲ್ಲಿ ಆ ವರ್ಣದ್ರವ್ಯ ಹೇರಳವಾಗಿದೆ. ಬಿಳಿಜೋಳದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಹುಲ್ಲೂ ಇಲ್ಲ, ಗೋವಿನಜೋಳವೂ ಇಲ್ಲವೆಂದ ಮೇಲೆ ಹಳದಿ ಬರುವುದಾದರೂ ಎಲ್ಲಿಂದ?

“ಅರಿಶಿಣ ಹಾಕಿ ನೋಡಿದೆರಿ,” ಎಂದರು ಶಾಂತಾಬಾಯಿ ಮೆಲ್ಲಗೆ. “ಕೋಳಿ ಕೊಕ್ಕು ಹಳದಿ ಆತು. ತತ್ತಿ ಆಗ್ಲಿಲ್ಲ.”

ಗೋವಿನಜೋಳಕ್ಕೆ ಮರಳಿ, ಅದರೊಂದಿಗೆ ಚೆಂಡುಹೂವಿನ ಎಸಳಿನ ಪುಡಿ ಬೆರೆಸಿ ಎಂದೆ. ಹೂಗಳನ್ನೇ ಪೇರಿಸಿ ಪೂಜಿಸುವ ಇಲ್ಲಿನ ಬತುಕಮ್ಮ ಹಬ್ಬ ಆಗಷ್ಟೇ ಮುಗಿದಿತ್ತು, ಹೂವಿಗೆ ಬರವಿರಲಿಲ್ಲ. ಔಷಧಿ ಹೊಡೆಯದ ಹೂವೇ ಬೇಕೆಂದು ಪರಿಚಯದ ಬೆಳೆಗಾರರಿಂದ ಗುರುವಾರ ನಾನೇ ಒಂದು ಚೀಲ ತಂದುಕೊಟ್ಟೆ. ಹಪ್ಪಳದಂತೆ ಬಿಸಿಲಿಗೆ ಹಾಕಬೇಡಿ, ಬಣ್ಣ ಸುಟ್ಟುಹೋಗುತ್ತದೆ, ನೆರಳಲ್ಲೇ ಒಣಗಲಿ ಎಂದು ಎಚ್ಚರಿಸಿದೆ.

ಒಂದು ಹಳದಿ ಪೂರ್ತಿ ಬೆಳೆಯಲು ಸುಮಾರು ಹತ್ತು ದಿನ ಬೇಕು. ಗುರುವಾರಕ್ಕೆ ಹತ್ತು ಕೂಡಿಸಿದೆ. ಸರಿಯಾಗಿ ಮೀಟಿಂಗಿನ ಭಾನುವಾರ! ದಿನಚರಿಯಲ್ಲಿ ಬರೆದೆ: ‘ಗುರುವಾರ. ಚೆಂಡುಹೂವು ಆರಂಭ.’ ಅಡಿಗೆರೆಯನ್ನೂ ಎಳೆದೆ.

ಆ ಭಾನುವಾರ ಸುಶೀಲಾ ಶಾಂತಾಬಾಯಿಯ ಆರು ತತ್ತಿಗಳನ್ನು ಗಟ್ಟಿಯಾಗಿ ಬೇಯಿಸಿ, ತಟ್ಟೆಯಲ್ಲಿಟ್ಟುಕೊಂಡು ನನ್ನೊಂದಿಗೆ ಮೀಟಿಂಗಿಗೆ ಬಂದಳು. (ಮೀಟಿಂಗ್ ಹಾಲಿನ ಹೊಸ ಟೈಲ್ಸ್ ಮೇಲೆ ಹಸಿ ತತ್ತಿ ಚೆಲ್ಲಿದರೆ ಅದಕ್ಕೊಂದು ಬೇರೆ ಮೀಟಿಂಗ್ ಆದೀತು ಎಂಬ ಮುನ್ನೆಚ್ಚರಿಕೆ ಅವಳದು.) ಶಾಂತಾಬಾಯಿ ಬಾಗಿಲ ಬಳಿಯೇ ನಿಂತರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

ಹಳದಿ ಗಾಢವಾದ ಮಾತ್ರಕ್ಕೆ ತತ್ತಿಯ ಪ್ರೋಟೀನ್ ಹೆಚ್ಚಾಗುವುದಿಲ್ಲ, ಪೇಲವವಾದ ಮಾತ್ರಕ್ಕೆ ತತ್ತಿ ಕೆಟ್ಟದ್ದಲ್ಲ, ಹೂವಿನಿಂದ ಲುಟೀನ್ ಎಂಬ ಆ ಹಳದಿ ವರ್ಣದ್ರವ್ಯ ಮಾತ್ರ ಕೊಂಚ ಹೆಚ್ಚುವರಿಯಾಗಿ ಸೇರುತ್ತದೆ ಎಂದು ನಾನು ಮೊದಲೇ ವಿವರಿಸಿದೆ. ಯಾರು ಕೇಳುತ್ತಾರೆ? ಮಾವಿನಹಣ್ಣನ್ನಾಗಲಿ, ತೊಗರಿಬೇಳೆಯನ್ನಾಗಲಿ ನಾವು ಅಳೆಯುವುದು ಕಣ್ಣಿನಿಂದಲೇ ಅಲ್ಲವೇ? ಎಲ್ಲರ ದೃಷ್ಟಿ ತಟ್ಟೆಯ ಮೇಲಿತ್ತು.

ಮಾಧವಿ ಚಾಕುವಿನಿಂದ ಮೊದಲ ತತ್ತಿಯನ್ನು ಎರಡು ಹೋಳು ಮಾಡಿದಳು.

ಅಂಚಿನಲ್ಲಿ ಕಡು ಕೇಸರಿಯ ಉಂಗುರ. ನಡುವೆ ಅದೇ ಮಾಸಲು ಹಳದಿ.

ಹಿಂದಿನ ಸಾಲಿನಲ್ಲಿ ಯಾರೋ ಮುಸಿಮುಸಿ ನಕ್ಕರು. ಶಾಂತಾಬಾಯಿಯ ಮುಖ ಇಳಿಯಿತು. ನಾನು ಗಡಿಬಿಡಿಯಿಂದ ದಿನಚರಿ ತೆರೆದೆ. “ಗುರುವಾರ ಆರಂಭವಾಗಿದೆ. ಇವತ್ತಿಗೆ ಹತ್ತು ದಿನ. ಹೀಗಾಗಲು ಸಾಧ್ಯವೇ ಇಲ್ಲ!”

“ಎಲ್ಲೀ ಆರಂಭರಿ ಸರ್?” ಬಾಗಿಲಿನಿಂದ ದನಿ ಬಂತು. “ಗುರುವಾರ ನೀವು ಹೂವ ತಂದ್ರಿ. ನೆರಳಾಗ ಒಣಗಸ್ರಿ ಅಂದೋರೂ ನೀವ. ಒಣಗಾಕ ನಾಕು ದಿನ ಬೇಕಾತು. ನಾ ಕೋಳಿಗಿ ಹಾಕಿದ್ದು ಮಂಗಳವಾರರಿ!”

ಸಭೆ ಗೊಳ್ಳೆಂದಿತು. ಸುಶೀಲಾ ಸೀರೆಯ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಬರೆದಿಟ್ಟದ್ದು ಹೂವು ಮನೆಗೆ ಬಂದ ದಿನ. ಕೋಳಿಯ ಹೊಟ್ಟೆಗೆ ಹೋದ ದಿನವಲ್ಲ. ಇಂಥ ತಪ್ಪಿಗೆ ನನ್ನ ಕಿರಿಯ ಸಹೋದ್ಯೋಗಿಗಳನ್ನು ಎಷ್ಟು ಬಾರಿ ಗದರಿಸಿಲ್ಲ! ಎದ್ದುನಿಂತು ಹೇಳಿದೆ: “ತಪ್ಪು ನನ್ನದು. ಶಾಂತಾಬಾಯಿಯವರದಲ್ಲ.”

ಮಾಧವಿ ಮಾತ್ರ ನಗಲಿಲ್ಲ. ಹೋಳನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದಳು. ಮಂಗಳವಾರದಿಂದ ಭಾನುವಾರಕ್ಕೆ ಐದು ದಿನ ಎಂದು ಬೆರಳು ಮಡಿಚಿ ಎಣಿಸಿದಳು. ಹಳದಿ ಪದರ ಪದರವಾಗಿ ಬೆಳೆಯುತ್ತದೆಯೇ ಎಂದು ನನ್ನನ್ನು ಕೇಳಿದಳು. ಹೌದು, ಒಳಗಿನಿಂದ ಹೊರಕ್ಕೆ, ಹೊಸ ಪದರ ಅಂಚಿಗೆ ಎಂದೆ.

“ಇದಿ ಲಾಗ್ ಫೈಲ್ ಕದಾ ಅಂಕಲ್!” ಎಂದಳು. ಕಂಪ್ಯೂಟರು ತಾನು ಮಾಡಿದ್ದನ್ನೆಲ್ಲ ಸಾಲಾಗಿ ಬರೆದಿಡುತ್ತದಂತೆ. ಇದೂ ಹಾಗೆಯೇ ಎಂಬುದು ಅವಳ ಮಾತಿನ ಅರ್ಥ.

ಉಳಿದ ಐದನ್ನೂ ಕೊಯ್ದಳು. ಎಲ್ಲದರಲ್ಲೂ ಅದೇ ಉಂಗುರ. ಆಮೇಲೆ ಸಭೆಯತ್ತ ತಿರುಗಿ ಆಕೆ ಹೇಳಿದ ಮಾತು ನನಗೆ ಹೊಳೆದೇ ಇರಲಿಲ್ಲ. ಪೂರ್ತಿ ಕೇಸರಿಯಾಗಿದ್ದರೆ ಬೇರೆ ಕಡೆಯಿಂದ ತಂದದ್ದೆಂದು ತಾನೇ ಹೇಳುತ್ತಿದ್ದಳಂತೆ. ಮಂಗಳವಾರ ಮೇವು ಬದಲಾಯಿಸಿದ ಕೋಳಿಯ ತತ್ತಿ ಅಂಗಡಿಯಲ್ಲಿ ಎಲ್ಲಿ ಸಿಗುತ್ತದೆ? ಇವು ಇವರ ಕೋಳಿಗಳ ತತ್ತಿಗಳೇ.

ನೇರವಾಗಿ ಬಾಗಿಲಿಗೆ ನಡೆದಳು. “ತಪ್ಪಯಿಪೋಯಿಂದಿ ಅಕ್ಕಾ,” ಎಂದು ಕ್ಷಮೆ ಕೇಳಿದಳು.

ಶಾಂತಾಬಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡರು. “ಇರ್ಲಿ ಬಿಡ್ರಿ ಮೇಡಂ. ಈಗ ಕೊಯ್ದಿಟ್ಟ ಆರು ತತ್ತಿ ಯಾರು ತಿಂತೀರಿ, ಅದನ್ನ ಹೇಳ್ರಿ.”

ಹೂವು ಬೆರೆಸಿ ಬಣ್ಣ ತರಿಸುವುದು ಮೋಸವಲ್ಲವೇ ಎಂದು ಸಭೆಯಲ್ಲೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಹುಲ್ಲಿನಿಂದ ಬರುತ್ತಿದ್ದುದೇ ಈಗ ಹೂವಿನಿಂದ ಬರುತ್ತಿದೆ, ಗಿರಾಕಿಗಳಿಗೆ ಅದನ್ನು ಹೇಳಿ ಮಾರಿದರೆ ಮೋಸವೆಲ್ಲಿ ಎಂದೆ. ಆ ಹುಲ್ಲು ಎಲ್ಲಿತ್ತು ಎಂದು ಅವರು ಮತ್ತೆ ಕೇಳಿದಾಗ ನಾನು ಅವರ ಕುರ್ಚಿಯ ಕೆಳಗಿನ ಟೈಲ್ಸ್ ತೋರಿಸಿದೆ.

ಈಗ ಗೇಟಿನ ಪಕ್ಕದಲ್ಲೊಂದು ಬಕೆಟ್ ಇದೆ. ಪಾಲಕಿನ ದಂಟು, ಕೊತ್ತಂಬರಿಯ ಕಡ್ಡಿ, ಮೂಲಂಗಿಯ ಸೊಪ್ಪು, ಮನೆಮನೆಗಳಿಂದ ಅದಕ್ಕೆ ಬೀಳುತ್ತವೆ. ಆಫೀಸಿನ ಬಸ್ಸಿಗೆ ಹೋಗುವ ಮುನ್ನ ಮಾಧವಿ ಅದನ್ನು ಶೆಡ್ಡಿಗೆ ತಲುಪಿಸುತ್ತಾಳೆ. ಹಿಂದಿನ ಗೋಡೆಯ ಉದ್ದಕ್ಕೂ ಚೆಂಡುಹೂವಿನ ಸಸಿ ನೆಟ್ಟಿದ್ದಾರೆ. ಬುಟ್ಟಿ ಮತ್ತೆ ಮೆಟ್ಟಿಲು ಹತ್ತುತ್ತಿದೆ.

ಮೊನ್ನೆ ಶಾಂತಾಬಾಯಿ ತಂದ ತತ್ತಿಯ ಹಳದಿ ನಡುವಿನಿಂದ ಅಂಚಿನವರೆಗೆ ಒಂದೇ ಬಣ್ಣವಾಗಿತ್ತು. ನಾನು ಸಂತೋಷದಿಂದ ದಿನಚರಿ ತೆರೆದು ಪೆನ್ನು ಹುಡುಕತೊಡಗಿದೆ.

“ತಾರೀಖು ಬರಿಯೂದು ಕೋಳಿಗಿ ಬಿಡ್ರಿ ಸರ್,” ಎಂದರು ಶಾಂತಾಬಾಯಿ. “ಅದು ತಪ್ಪೂದಿಲ್ಲ.”