ಬೊಮ್ಮಕ್ಕನ ಕಿವಿಗುರುತು ಹೊತ್ತ ಹಂದಿ

ಚಿತ್ರದುರ್ಗದಿಂದ ಚಂದ್ರವಳ್ಳಿಗೆ ಹೋಗುವ ದಾರಿಯ ಬದಿಯಲ್ಲಿ ಆಗ ಹಂದಿ ಸಾಕುವವರ ಕೆಲವು ಮನೆಗಳಿದ್ದವು. ಹಗಲೆಲ್ಲ ಅವರ ಹಂದಿಗಳು ಊರಾಚೆಯ ಹಳ್ಳದಲ್ಲಿ ಬೆರೆತು ಮೇಯುತ್ತಿದ್ದುದರಿಂದ, ಯಾವುದು ಯಾರದೆಂದು ತಿಳಿಯಲು ಪ್ರತಿ ಮನೆಯವರೂ ಮರಿಗಳ ಕಿವಿಯನ್ನು ತಮ್ಮದೇ ರೀತಿಯಲ್ಲಿ ಕತ್ತರಿಸುತ್ತಿದ್ದರು. ಬೊಮ್ಮಕ್ಕನ ಮನೆಯ ಗುರುತೆಂದರೆ ಎಡಗಿವಿಯ ತುದಿಯಲ್ಲೊಂದು ಸೀಳು, ಬಲಗಿವಿಯ ಅಂಚಿನಲ್ಲೊಂದು ಕಚ್ಚು. ಗಂಡ ತೀರಿಕೊಂಡ ಮೇಲೆ ಕತ್ತಿ ಹಿಡಿದು ಆ ಗುರುತು ಹಾಕುತ್ತಿದ್ದವಳು ಅವಳೇ.

ಮಗಳ ಮದುವೆಯಲ್ಲಿ ತವರಿನವರು ಒಂದು ಹೆಣ್ಣುಹಂದಿಯನ್ನು ಕೊಟ್ಟು ಕಳಿಸುವುದು ಅವರಲ್ಲಿ ವಾಡಿಕೆ. ಅದರ ಕಿವಿಯನ್ನು ಬೀಗರು ಮತ್ತೆ ಕತ್ತರಿಸುವಂತಿಲ್ಲ. ಅದು ಎಲ್ಲೇ ಇದ್ದರೂ ತವರಿನ ಗುರುತಿನಲ್ಲೇ ಬಾಳಬೇಕು. ಗಂಡನ ಮನೆಯ ಗುರುತು ಏನಿದ್ದರೂ ಅದರ ಮರಿಗಳಿಗೆ. ಬೊಮ್ಮಕ್ಕನ ಒಬ್ಬಳೇ ಮಗಳು ಗಂಗಕ್ಕ ಹಿರಿಯೂರಿಗೆ ಸೊಸೆಯಾಗಿ ಹೋದಾಗ, ಮೂಗಿನ ಮೇಲೆ ಬಿಳಿ ಮಚ್ಚೆಯಿದ್ದ ಹಂದಿಯೊಂದು ಅವಳೊಡನೆ ಹೋಯಿತು.

1974ರ ಸುಮಾರಿಗೆ ಪಶುವೈದ್ಯ ಚಿತ್ರಲಿಂಗಪ್ಪನವರು ಭಾನುವಾರ ಬೆಳಿಗ್ಗೆ ಹಂದಿ ಕೊಯ್ಯುವ ಕಟ್ಟೆಗೆ ಬರತೊಡಗಿದರು. ಮೊದಲು ಹಂದಿಯ ಉಸಿರು, ಕಣ್ಣು, ಚರ್ಮ ನೋಡುವರು. ಕೊಯ್ದ ಮೇಲೆ ದವಡೆಯ ಕೆಳಗಿನ ಗ್ರಂಥಿಗಳನ್ನೂ ಶ್ವಾಸಕೋಶವನ್ನೂ ಸೀಳಿ ನೋಡಿ, ಸರಿಯೆನಿಸಿದರೆ ಮುದ್ರೆ ಒತ್ತುವರು. ಮುದ್ರೆಯಿಲ್ಲದ ಮಾಂಸವನ್ನು ಮಾರುವಂತಿರಲಿಲ್ಲ.

“ಹಂದಿ ಪುಣ್ಯ ಮಾಡೈತೆ ಕಣಕ್ಕ,” ಎಂದು ಮಾಂಸ ಮಾರುವ ಗೊಲ್ಲಪ್ಪ ಕಟ್ಟೆಗೆ ಬಂದಿರುತ್ತಿದ್ದ ಬೊಮ್ಮಕ್ಕನಿಗೆ ಹೇಳಿ ನಗುತ್ತಿದ್ದ. “ಸತ್ತ ಮ್ಯಾಲೂ ಅದಕ್ಕೆ ಡಾಕ್ಟ್ರು. ನನಗೆ ಬದುಕಿದ್ದಾಗ್ಲೂ ಇಲ್ಲ.”

ಒಂದು ಭಾನುವಾರ, ಗೊಲ್ಲಪ್ಪ ಬೇರೆಬೇರೆ ಸಂತೆಗಳಿಂದ ಕೂಡಿಸಿ ತಂದಿದ್ದ ಹಂದಿಗಳಲ್ಲಿ ಒಂದರ ಗ್ರಂಥಿ ಚಾಕುವಿಗೆ ಮರಳು ಸಿಕ್ಕಂತೆ ಕರಕರ ಎಂದಿತು. ಒಳಗೆ ಗಿಣ್ಣಿನಂಥ ಹಳದಿ ಮುದ್ದೆ. ಶ್ವಾಸಕೋಶದ ತುಂಬ ಅಂಥವೇ ಗಂಟುಗಳು. ಕ್ಷಯದ ರೋಗಾಣು ಹೊಕ್ಕಿದೆ, ತುಣುಕನ್ನೂ ಮಾರದೆ ಸುಣ್ಣ ಹಾಕಿ ಹೂಳಬೇಕು ಎಂದ ವೈದ್ಯರು, ಹಂದಿಯ ಕಿವಿ ಎತ್ತಿ ಕೇಳಿದರು: “ಯಾರದು ಈ ಗುರುತು?”

ಕಟ್ಟೆಯ ಮೇಲಿದ್ದವರೆಲ್ಲ ಬೊಮ್ಮಕ್ಕನ ಕಡೆ ತಿರುಗಿದರು.

“ನಿಮ್ಮ ಹಂದಿಗಳನ್ನೆಲ್ಲ ಕೂಡಿಹಾಕಬೇಕಮ್ಮ. ನಾನು ಪರೀಕ್ಷೆ ಮಾಡೋವರೆಗೂ ಒಂದನ್ನೂ ಕೊಯ್ಯೋ ಹಾಗಿಲ್ಲ.”

ಬೊಮ್ಮಕ್ಕ ಹಂದಿಯ ತಲೆಯ ಬಳಿ ಬಗ್ಗಿದಳು. ಅವಳು ನೋಡುತ್ತಿದ್ದದ್ದು ಮೂಗಿನ ಮೇಲಿನ ಬಿಳಿ ಮಚ್ಚೆಯನ್ನು. ಗೊಲ್ಲಪ್ಪನಿಗೂ ಆ ಹಂದಿಯನ್ನು ಹಿರಿಯೂರು ಸಂತೆಯಲ್ಲಿ ಕೊಂಡದ್ದು ಈಗ ನೆನಪಾಗಿತ್ತು. ಅವನು ಪಕ್ಕಕ್ಕೆ ಬಂದು ಪಿಸುಗುಟ್ಟಿದ: “ಸುಮ್ಕಿರಕ್ಕ. ನಿನ್ನವು ಹೆಂಗೂ ಪರೀಕ್ಷೇಲಿ ಪಾಸಾಗ್ತವೆ. ಬೀಗರ ಮನೇಗೆ ಡಾಕ್ಟ್ರನ್ನ ನುಗ್ಗಿಸಿದ್ರೆ ನಿನ್ ಮಗಳು ಅಲ್ಲಿ ಬಾಳ್ವೆ ಮಾಡ್ತಾಳಾ?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಬೊಮ್ಮಕ್ಕ ವೈದ್ಯರನ್ನು ಕೇಳಿದಳು: “ಸಾಮಿ, ಈ ರೋಗ ಹಂದಿಗೆ ಎಲ್ಲಿಂದ ಬರ್ತೈತೆ?”

“ಬೇರೆ ಹಂದಿಯಿಂದ ಬರಬಹುದು, ದನದ ಹಸಿ ಹಾಲಿಂದ ಬರಬಹುದು. ಕ್ಷಯ ಇರೋ ಮನುಷ್ಯರ ಎಂಜಲು ತಿಂದರೂ ಬರುತ್ತೆ.”

ಹಿಂದಿನ ಸಲ ಬೊಮ್ಮಕ್ಕ ಹಿರಿಯೂರಿಗೆ ಹೋದಾಗ ಗಂಗಕ್ಕನ ಅತ್ತೆ ವೀರಮ್ಮ ಎರಡು ತುತ್ತು ಉಂಡು, ಕೆಮ್ಮು ತಡೆಯದೆ ತಟ್ಟೆ ಸರಿಸಿದ್ದಳು. ಗಂಗಕ್ಕ ಅದನ್ನು ಎತ್ತಿ ಹಂದಿಯ ಬಾನಿಗೆ ಸುರಿದು, ಬೆರಳಿನಿಂದ ತಟ್ಟೆ ಬಳಿದಿದ್ದಳು. ಬೊಮ್ಮಕ್ಕನಿಗೆ ಈಗ ಕಣ್ಣೆದುರು ಕಾಣಿಸಿದ್ದು ಆ ಬೆರಳು. ಸುಮ್ಮನಿದ್ದರೆ ಅಲ್ಲಿನ ಉಳಿದ ಹಂದಿಗಳು ಯಾರ್ಯಾರದೋ ಸಾರಿಗೆ ಬೀಳುತ್ತವೆ. ಮಗಳು ಅದೇ ತಟ್ಟೆ ಬಳಿಯುತ್ತಿರುತ್ತಾಳೆ. ಮಾತಾಡಿದರೆ ಆ ಮನೆಯ ಬಾಗಿಲು ತನಗೆ ಮುಚ್ಚಬಹುದು, ಮಗಳಿಗೂ ಮುಚ್ಚಬಹುದು.

“ನನ್ನವನ್ನ ಕೂಡಿಹಾಕಿ ಏನೂ ಸಿಗಲ್ಲ ಸಾಮಿ,” ಎಂದಳು. “ಗುರುತು ನಂದು, ಹಂದಿ ಹಿರಿಯೂರಿಂದು. ಮಗಳ ಹಿಂದೆ ಕಳಿಸಿದ್ದು. ನಡೀರಿ ಹೋಗಾಣ, ಮನೆ ತೋರಿಸ್ತೀನಿ.”

ಹಿರಿಯೂರಿನಲ್ಲಿ ವೈದ್ಯರು ಪ್ರತಿ ಹಂದಿಯ ಕಿವಿಯ ಬುಡಕ್ಕೆ ಪರೀಕ್ಷೆಯ ಸೂಜಿ ಚುಚ್ಚುತ್ತಿದ್ದಾಗ ವೀರಮ್ಮ ಅಂಗಳದಲ್ಲಿ ನಿಂತು ಕೂಗಿದಳು: “ಹೆಣ್ಣು ಕೊಟ್ಟ ಮನೆ ಮ್ಯಾಲೆ ಡಾಕ್ಟ್ರನ್ನ ಕರ್ಕಂಡು ಬಂದೋಳು ನೀನೊಬ್ಳೇ ಕಣೇ! ಹಂದಿ ನೆವ ಹೇಳಿ ನನ್ನ ಕೆಮ್ಮನ್ನ ಊರಿಗೆಲ್ಲ ಡಂಗುರ ಹೊಡೀತಿದೀಯಾ?”

“ನಿನ್ನ ಕೆಮ್ಮಿಗೆ ಡಂಗುರ ಬ್ಯಾರೆ ಬೇಕೇನೇ ಬೀಗ್ತಿ? ಬಸ್ ಸ್ಟ್ಯಾಂಡಿಗೇ ಕೇಳ್ತೈತೆ.”

ಗಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ನಕ್ಕಳೋ ಅತ್ತಳೋ ತಾಯಿಗೆ ತಿಳಿಯಲಿಲ್ಲ.

ವೈದ್ಯರು ಮತ್ತೆ ಬಂದು ನೋಡಿದಾಗ ರೋಗ ಹೊಕ್ಕಿದ್ದಕ್ಕೆ ಗುರುತಾಗಿ ಹಲವು ಹಂದಿಗಳ ಕಿವಿಯ ಬುಡ ಬಾತಿತ್ತು. ಅವನ್ನು ಕೊಂದು ಆಳವಾದ ಗುಂಡಿಯಲ್ಲಿ ಹೂಳಿಸಿದರು. ಮನೆಯವರನ್ನೆಲ್ಲ ಚಿತ್ರದುರ್ಗದ ಆಸ್ಪತ್ರೆಗೆ ಕಳಿಸಿದರು. ಗಂಗಕ್ಕನಿಗೂ ಅವಳ ಗಂಡನಿಗೂ ಏನೂ ಇರಲಿಲ್ಲ. ವೀರಮ್ಮನಿಗೆ ಕ್ಷಯವಿತ್ತು.

ಆ ಯುಗಾದಿಗೆ ಗಂಗಕ್ಕನನ್ನು ತವರಿಗೆ ಕಳಿಸಲಿಲ್ಲ. ವೀರಮ್ಮ ಸೂಜಿ ಹಾಕಿಸಿಕೊಳ್ಳಲು ಆಸ್ಪತ್ರೆಗೆ ಬರುವ ದಿನ ಬೊಮ್ಮಕ್ಕ ತಾನೂ ಹೋಗಿ ಜಗಲಿಯಲ್ಲಿ ನಿಲ್ಲುತ್ತಿದ್ದಳು, ಮಗಳು ಜೊತೆಗೆ ಬಂದಿರಬಹುದೇನೋ ಎಂದು. ಮಗಳು ಬರುತ್ತಿರಲಿಲ್ಲ. ವೀರಮ್ಮ ಮುಖ ತಿರುಗಿಸಿಕೊಂಡು ಒಳಗೆ ಹೋಗುವಳು, ಹಾಗೆಯೇ ಹೊರಗೆ ಬರುವಳು. ಬೇಸಿಗೆ ಕಳೆಯಿತು. ವೀರಮ್ಮನ ಕೆನ್ನೆಯಲ್ಲಿ ಸ್ವಲ್ಪ ಮಾಂಸ ಕೂಡಿಕೊಂಡಿತು.

ಮಳೆಗಾಲದ ಒಂದು ಬೆಳಿಗ್ಗೆ ವೀರಮ್ಮ ಬೆಂಚಿನ ತುದಿಗೆ ಸರಿದು ಜಾಗ ಮಾಡಿದಳು.

“ಕುಂತ್ಕ. ಈ ಕಡೆ ಮುಖ ಹಾಕಬ್ಯಾಡ, ಕೆಮ್ಮು ಪೂರಾ ನಿಂತಿಲ್ಲ.”

ಬೊಮ್ಮಕ್ಕ ಕುಳಿತಳು. ಇಬ್ಬರೂ ಎದುರಿನ ಗೋಡೆಯನ್ನು ನೋಡುತ್ತಿದ್ದರು.

“ಮಾರ್ನಮಿಗೆ ಗಂಗೀನ ಕಳಿಸ್ತೀನಿ,” ಎಂದಳು ವೀರಮ್ಮ.