ಬಳೆ ತೊಡುವಂತೆ ಮಡಚಿದ ಕೈ

ನಾನು ಮೊದಲಿನಿಂದಲೂ ಪುಕ್ಕಲಿ. ಮಸಗುಪ್ಪಿಯ ನಮ್ಮ ಮನೆಯ ಹಿತ್ತಲ ಬಾಗಿಲಿನಿಂದ ಬಾವಿಯವರೆಗೆ ಒಬ್ಬಳೇ ಹೋಗಲು ಎಷ್ಟೋ ದೊಡ್ಡವಳಾಗುವವರೆಗೂ ಹೆದರುತ್ತಿದ್ದೆ. ಅಂಥವಳು ಪುಣೆಯ ಒಂದು ಪ್ರಯೋಗಾಲಯದಲ್ಲಿ ಹಗಲೆಲ್ಲ ಕತ್ತಲ ಕೋಣೆಯಲ್ಲಿ ಕೂಡುವ ಕೆಲಸ ಹಿಡಿದದ್ದು ಮನೆಯವರಿಗೆಲ್ಲ ನಗೆಯ ಮಾತಾಗಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳವು.

ಕತ್ತಲು ಬೇಕಾಗಿದ್ದುದು ಬಣ್ಣಕ್ಕಾಗಿ. ಇಲಿಮರಿಗಳ ಹೃದಯದಿಂದ ಬಿಡಿಸಿದ ಜೀವಕೋಶಗಳನ್ನು ಗಾಜಿನ ಬಿಲ್ಲೆಯ ಮೇಲೆ ಬದುಕಿಸಿಟ್ಟು, ಅವುಗಳೊಳಗೆ ಒಂದು ಬಣ್ಣ ಸೇರಿಸುತ್ತಿದ್ದೆವು. ಕ್ಯಾಲ್ಸಿಯಂ ತಗಲಿದರೆ ಆ ಬಣ್ಣ ಬೆಳಗುವ ರೀತಿಯೇ ಬದಲಾಗುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಬೆಳಕನ್ನು ಎರಡು ಬಗೆಯಲ್ಲಿ ಬಿಟ್ಟು, ಯಾವುದಕ್ಕೆ ಎಷ್ಟು ಬೆಳಗಿತು ಎಂದು ಹೋಲಿಸಿದರೆ ಕೋಶದೊಳಗಿನ ಕ್ಯಾಲ್ಸಿಯಂ ಎಷ್ಟೆಂದು ತಿಳಿಯುತ್ತದೆ. ಕಂಪ್ಯೂಟರು ಕಡಿಮೆ ಇದ್ದಲ್ಲಿ ನೀಲಿ, ಹೆಚ್ಚಿದ್ದಲ್ಲಿ ಕೆಂಪು ಬಳಿದು ತೋರಿಸುತ್ತಿತ್ತು. ಕೋಶ ಮಿಡಿದಾಗ ನೀಲಿ ಹಳದಿಯಾಗಿ ಮತ್ತೆ ನೀಲಿಯಾಗುತ್ತಿತ್ತು. ಅಲ್ಲಿಯವರೆಗೆ ಚೆಂದ. ಆದರೆ ಹೊರಗಿನ ಕ್ಯಾಲ್ಸಿಯಂ ಒಮ್ಮೆಲೇ ಒಳನುಗ್ಗಿತೆಂದರೆ ಇಡೀ ಕೋಶ ಕೆಂಪಾಗಿ, ಮುದುಡಿ, ಉಂಡೆಯಾಗಿಬಿಡುತ್ತಿತ್ತು. ಹಾಗೆ ಮುದುಡಿದ್ದು ಮತ್ತೆ ಮಿಡಿಯುತ್ತಿರಲಿಲ್ಲ. ಅದನ್ನು ಎಷ್ಟು ಸಲ ನೋಡಿದರೂ ನನಗೆ ರೂಢಿಯಾಗಲಿಲ್ಲ.

ಇಲಿಮರಿಯ ಸಂಗತಿಯನ್ನು ಅವ್ವನಿಗೆ ಮೊದಲ ವರ್ಷವೇ ಹೇಳಿದ್ದೆ. ನಮ್ಮದು ಜೈನರ ಮನೆ. ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಗೆ ಅಂಟಿದ ಜೀವಗಳನ್ನು ಮತ್ತೆ ಅದೇ ಬಾವಿಗೆ ಮೆತ್ತಗೆ ಇಳಿಬಿಡುವವಳು ನಮ್ಮವ್ವ. ನನ್ನ ಮಾತು ಕೇಳಿ ಅವಳು, “ಇನ್ನೊಮ್ಮಿ ನನ್ನ ಮುಂದ ಆ ಸುದ್ದಿ ತಗೀಬ್ಯಾಡ” ಎಂದು ಎದ್ದುಹೋದಳು. ಅಂದಿನಿಂದ ಬಣ್ಣದ ಬಗ್ಗೆ ಮಾತ್ರ ಕೇಳುತ್ತಿದ್ದಳು.

ಕೆಲಸಕ್ಕೆ ಸೇರಿ ಕೆಲವು ವರ್ಷಗಳಾದ ಮೇಲೆ, ಒಂದು ಬೇಸಿಗೆಯಲ್ಲಿ ಅವ್ವನ ಕುತ್ತಿಗೆಯ ಥೈರಾಯ್ಡ್ ಗಂಟನ್ನು ಬೆಳಗಾವಿಯಲ್ಲಿ ತೆಗೆಸಿದ್ದೆವು. ಅದರ ಹಿಂಬದಿಗೇ ಅಂಟಿಕೊಂಡು ಕಾಳಿನಷ್ಟು ಸಣ್ಣ ಗ್ರಂಥಿಗಳಿರುತ್ತವೆ, ರಕ್ತದ ಕ್ಯಾಲ್ಸಿಯಂ ನೋಡಿಕೊಳ್ಳುವವು ಅವೇ, ಗಂಟಿನ ಜೊತೆ ಅವೂ ಹೋಗಿರಬಹುದು, ಕ್ಯಾಲ್ಸಿಯಂ ಗುಳಿಗೆ ಬಿಡಬಾರದು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಅವ್ವ ತಲೆಯಾಡಿಸಿದ್ದಳು. ನಾವೂ ನಿಶ್ಚಿಂತೆಯಿಂದ ಇದ್ದೆವು.

ಅದೇ ವರ್ಷ ಭಾದ್ರಪದದ ಹತ್ತು ದಿನಗಳ ವ್ರತ, ದಶಲಕ್ಷಣ ಪರ್ವಕ್ಕೆ ರಜೆ ಹಾಕಿ ಊರಿಗೆ ಬಂದೆ. ಅವ್ವ ಒಪ್ಪತ್ತು ಹಿಡಿದಿದ್ದಳು. ಅಪ್ಪ, ಅಣ್ಣ ಇಬ್ಬರೂ ಗೋಕಾಕದ ಸಂತೆಗೆ ಹೋಗಿದ್ದ ಒಂದು ಮಧ್ಯಾಹ್ನ ಅವ್ವ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದವಳು, “ತುಟಿ ಯಾಕೋ ಜುಮು ಜುಮು ಅನ್ನಾಕತ್ತಾವ” ಎಂದಳು. ನೋಡುತ್ತಿದ್ದಂತೆ ಅವಳ ಬಲಗೈ ಮಣಿಕಟ್ಟಿನಲ್ಲಿ ಬಾಗಿತು. ಬೆರಳುಗಳು ನೀಳವಾಗಿ ಚಾಚಿ ಒಂದಕ್ಕೊಂದು ಕೂಡಿದವು, ಹೆಬ್ಬೆರಳು ಅಂಗೈಯೊಳಗೆ ಸೇರಿತು.

ನಮ್ಮ ವೈನಿ, ಅಣ್ಣನ ಹೆಂಡತಿ, ಹುಕ್ಕೇರಿ ಕಡೆಯ ಕಣಗಲಾ ಊರಿನವಳು, ಬಾಯಿಗೆ ಸೆರಗು ಹಿಡಿದು ನಕ್ಕಳು. “ನೋಡ್ರಿ, ಅತ್ತಿಯವ್ರು ಬಳಿ ಇಡಿಸ್ಕೊಳಾಕ ಕೈ ಮಾಡ್ಯಾರ!”

ಹೌದು, ಥೇಟ್ ಬಳೆಗಾರನ ಮುಂದೆ ಕೂತ ಕೈ. ನನಗೂ ನಗು ಬಂತು. ಆಮೇಲೆ ಎಡಗೈಯೂ ಹಾಗೇ ಆಯಿತು. ಅವ್ವ ಬಿಡಿಸಲು ನೋಡಿದಳು, ಬರಲಿಲ್ಲ. ಉಸಿರು ಎಳೆದಾಗ ಗಂಟಲಲ್ಲಿ ಕೋಳಿ ಕೂಗಿದಂಥ ಒಂದು ಸದ್ದು ಬಂತು.

“ಅವ್ವಾ, ಗುಳಿಗಿ ತಗೊಳಾಕತ್ತೀಯೋ ಇಲ್ಲೋ?”

ಅವ್ವ ಗೋಡೆಯ ಕಡೆ ಮುಖ ಮಾಡಿದಳು. ವೈನಿ ಓಡಿಹೋಗಿ ದೇವರ ಮಾಡದ ಕೆಳಗಿನಿಂದ ಡಬ್ಬಿ ತಂದಳು. ತುಂಬಿತ್ತು.

“ಅದು ಸಿಂಪಿ ಚಿಪ್ಪಿನದಂತ,” ಎಂದಳು ಅವ್ವ ಬಿಗಿದ ತುಟಿಯಲ್ಲೇ. “ಮೊನ್ನಿ ಹೊಸಾ ಡಬ್ಬಿ ತರಾಕ ಹೋದಾಗ ಔಷಧ ಅಂಗಡ್ಯಾಂವ ಹೇಳಿದ. ಸಮುದ್ರದಾಗಿನ ಜೀವದ ಮನಿ ಅದು. ಪರ್ವದಾಗ ಹೆಂಗ ನುಂಗ್ಲಿ?”

ಸಿಟ್ಟು, ಅಳು ಎರಡೂ ಒಟ್ಟಿಗೇ ಬಂದವು. ಜಗತ್ತಿನಲ್ಲಿ ಗುಳಿಗೆಯ ಮೂಲ ವಿಚಾರಿಸಿ ಸಾಯಲು ಹೊರಡುವವರು ನಾವೇ ಇರಬೇಕು.

ಅಷ್ಟರಲ್ಲಿ ಬಾಜೂ ಮನೆಯ ಕಾಕಾ, ಅಪ್ಪನ ತಮ್ಮ, ಬಂದ. ಗದ್ದಲ ಕೇಳಿ ಸೇರಿದ ಓಣಿಯವರಲ್ಲಿ ಯಾರೋ ದೆವ್ವದ ಗಾಳಿ ಸೋಕಿದೆ ಎಂದು ಅವನಿಗೆ ಆಗಲೇ ಹೇಳಿಯಾಗಿತ್ತು. ಅವನಿಗೆ ತಿಳಿಯಲೆಂದು, “ಕರು ಹಾಕಿದ ಮ್ಯಾಲ ಎಮ್ಮಿ ಬೀಳತಾವಲ್ಲ ಕಾಕಾ, ಅದ ಇದು. ಕ್ಯಾಲ್ಸಿಯಂ ಇಳದೈತಿ” ಎಂದೆ. ಕಾಕಾ ಕೊಟ್ಟಿಗೆಗೆ ಹೋಗಿ ದನದ ಡಾಕ್ಟರು ಬಿಟ್ಟುಹೋಗಿದ್ದ ದೊಡ್ಡ ಬಾಟಲಿ ಹಿಡಿದುಕೊಂಡೇ ಬಂದ.

“ಇದೂ ಅದ ಅಲ್ಲೇನು? ಏರಿಸೂಣಲ್ಲ?”

“ಬ್ಯಾಡ ಕಾಕಾ!” ಎಂದು ನಾನು ಕಿರುಚಿದ್ದಕ್ಕೆ ಬಾಟಲಿ ಅವನ ಕೈಯಿಂದ ಜಾರುವುದರಲ್ಲಿತ್ತು. ನನ್ನ ಕಣ್ಣ ಮುಂದೆ ಆ ಕೆಂಪು ಉಂಡೆ ಬಂದಿತ್ತು.

ಕಾಕಾ ಬಾಟಲಿಯನ್ನು ಕೆಳಗಿಟ್ಟು ಅವ್ವನ ಕೈ ನೋಡಿದ. “ಆದ್ರ ಎಮ್ಮಿ ಸಡ್ಲಾಗಿ ಬೀಳತೈತಿ, ನಿಮ್ಮವ್ವನ ಕೈ ಬಿಗದಾವ. ಅದ ಹೆಂಗ ಆಕ್ಕೈತಿ?”

ಹೊರಗಿನ ಕ್ಯಾಲ್ಸಿಯಂ ಕಡಿಮೆಯಾದರೆ ಮನುಷ್ಯರ ನರಗಳು ಹಿಡಿತ ತಪ್ಪಿ ಸುಮ್ಮಸುಮ್ಮನೆ ಸಿಡಿಯುತ್ತವೆ, ಸ್ನಾಯು ಬಿಗಿಯುತ್ತದೆ ಎಂದು ನಾನು ಓದಿದ್ದೆ. ಓದಿದ್ದೆ, ಅಷ್ಟೇ. ಕಂಡಿರಲಿಲ್ಲ. ಇದು ಬೇರೇನೋ ಆಗಿದ್ದರೆ? ನನ್ನ ಮಾತು ಕೇಳಿ ಅವ್ವ ಸತ್ತರೆ? “ಗಾಡಿ ತಗೀ ಕಾಕಾ” ಎಂದೆ.

ಕಾಕಾನ ಟೆಂಪೊದಲ್ಲಿ ಮೂಡಲಗಿಗೆ ಹೊರಟೆವು. ದಾರಿಯ ಎರಡೂ ಬದಿಗೆ ಕಬ್ಬು ನಿಂತಿತ್ತು. ಪ್ರತಿ ತಗ್ಗಿಗೂ ಅವ್ವನ ಗಂಟಲು ಕೂಗುತ್ತಿತ್ತು, ಪ್ರತಿ ಕೂಗಿಗೂ ಇದೇ ಕೊನೆ ಎಂದುಕೊಳ್ಳುತ್ತಿದ್ದೆ. ಣಮೋಕಾರ ಮಂತ್ರ ಹೇಳಲು ಹೋಗಿ ನಡುವೆ ಮರೆತೆ. ಅವ್ವನೇ ಬಿಗಿದ ದವಡೆಯಲ್ಲಿ ಮುಂದಿನ ಸಾಲು ಎತ್ತಿಕೊಟ್ಟಳು.

ಮೂಡಲಗಿಯ ವಯಸ್ಸಾದ ಡಾಕ್ಟರು ಒಂದು ನೋಟ ಹರಿಸಿ, “ಹೆದರ್ಯಾರ. ಹೆದರಿ ಉಸಿರು ಜೋರ್ ಬಿಟ್ರ ಹಿಂಗ ಕೈ ಬಿಗೀತಾವ” ಎಂದರು. ಅವರ ಮಾತೂ ಸುಳ್ಳಲ್ಲ, ಹಾಗೂ ಆಗುತ್ತದೆ. ನಾನು ಅವ್ವನ ಸೆರಗು ಸರಿಸಿ ಕುತ್ತಿಗೆಯ ಹೊಸ ಗಾಯದ ಗೆರೆ ತೋರಿಸಿದೆ. ಡಾಕ್ಟರು ಕನ್ನಡಕ ಏರಿಸಿದರು, ಕಿವಿಯ ಮುಂದೆ ಬೆರಳಿನಿಂದ ತಟ್ಟಿದರು. ಅವ್ವನ ತುಟಿಯ ಮೂಲೆ ಪಟಕ್ಕೆಂದು ಎಳೆಯಿತು. ಕ್ಯಾಲ್ಸಿಯಂ ಇಳಿದದ್ದರ ಗುರುತು ಅದು. ಅವರು ಕ್ಯಾಲ್ಸಿಯಂ ಇಂಜೆಕ್ಷನ್ನಿನ ಗಾಜಿನ ಮೂತಿ ಮುರಿದು ಸಿರಿಂಜಿಗೆ ಎಳೆದುಕೊಂಡರು.

“ಸಾವಕಾಶ್ರಿ,” ಎಂದೆ. “ಭಾಳ ಸಾವಕಾಶ ಹಾಕ್ರಿ. ಒಮ್ಮೆಲೇ ಹೋದ್ರ ಹೃದಯ ನಿಲ್ತೈತ್ರಿ.”

“ನೀವು ಡಾಕ್ಟರ್ರೇನು?”

“ಅಲ್ರಿ.”

“ಮತ್ತ ಹೆಂಗ ಗೊತ್ತು?”

“ದಿನಾ ನೋಡ್ತೇನ್ರಿ,” ಎಂದೆ.

ಅವರು ನನ್ನನ್ನು ಒಂದು ಗಳಿಗೆ ನೋಡಿ, “ಹಂಗಾರ ನಾಡಿ ಹಿಡೀರಿ. ತಪ್ಪಿದ್ರ ಹೇಳ್ರಿ” ಎಂದರು.

ಅಂಥ ಭಯವನ್ನು ನಾನು ಮತ್ತೆಂದೂ ಪಟ್ಟಿಲ್ಲ. ಅಲ್ಲಿ ಕಂಪ್ಯೂಟರು ಇರಲಿಲ್ಲ, ಅವ್ವನೊಳಗೆ ಬಣ್ಣವಿರಲಿಲ್ಲ. ಎಷ್ಟು ಹೋಯಿತು, ಎಲ್ಲಿ ಸೇರಿತು, ಕೆಂಪಾಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಇದ್ದದ್ದು ನನ್ನ ಎರಡು ಬೆವರಿದ ಬೆರಳು. ಡಾಕ್ಟರ ಹೆಬ್ಬೆರಳು ಸಿರಿಂಜನ್ನು ಒತ್ತುತ್ತಿತ್ತು. ಅವ್ವ, “ಮೈಯೆಲ್ಲ ಬಿಸಿ ಆಗಾಕತ್ತೈತಿ” ಎಂದಳು. ನಾಡಿ ನಿಧಾನವಾಯಿತು. ಇನ್ನೂ ನಿಧಾನವಾಯಿತು. ಒಂದು ಬಡಿತ ಬರಲೇ ಇಲ್ಲ.

“ನಿಲ್ಲಸ್ರೀ!”

ಡಾಕ್ಟರು ಕೈ ತಡೆದರು. ಹೊರಗೆ ಯಾರೋ ಕೆಮ್ಮಿದ್ದು ಕೇಳಿಸಿತು. ಆಮೇಲೆ ಬೆರಳಿಗೆ ಒಂದು ಬಡಿತ ಸಿಕ್ಕಿತು, ಹಿಂದೆಯೇ ಇನ್ನೊಂದು. ಅವರು ಕಾದು, ನನ್ನ ಮುಖ ನೋಡಿ, ಮತ್ತೆ ಹನಿಹನಿಯಾಗಿ ಒತ್ತತೊಡಗಿದರು. ಸಿರಿಂಜು ಖಾಲಿಯಾಗುವ ಮೊದಲೇ ಅವ್ವನ ಹೆಬ್ಬೆರಳು ಅಂಗೈಯಿಂದ ಈಚೆ ಬಂತು. ಉಳಿದ ಬೆರಳು ಒಂದೊಂದಾಗಿ ಬಿಟ್ಟುಕೊಂಡವು. ನಾನು ಅಲ್ಲೇ ನೆಲದ ಮೇಲೆ ಕೂತು ಮಗುವಿನ ಹಾಗೆ ಅತ್ತೆ.

ಅಲ್ಲಿಂದ ಗೋಕಾಕದ ಆಸ್ಪತ್ರೆಗೆ ಸೇರಿಸಿದೆವು. ಅಣ್ಣ ಗೋಕಾಕ, ಹುಕ್ಕೇರಿಯ ಅಂಗಡಿಗಳನ್ನೆಲ್ಲ ಸುತ್ತಿ, ಸಿಂಪಿಯದಲ್ಲದ, ಸುಣ್ಣದ ಕಲ್ಲಿನಿಂದ ಮಾಡಿದ ಗುಳಿಗೆ ಹುಡುಕಿ ತಂದ.

ಪರ್ವ ಮುಗಿದು ಕ್ಷಮಾವಣಿಯ ದಿನ ಬಂತು. ಎಲ್ಲ ಜೀವಗಳಿಗೂ ಕೈ ಮುಗಿದು ತಪ್ಪಾಯಿತೆಂದು ಬೇಡುವ ದಿನ. ಅವ್ವ ಸೋಸಿದ ನೀರಿನಲ್ಲಿ ಗುಳಿಗೆ ನುಂಗಿ, ನನ್ನನ್ನು ಹತ್ತಿರ ಕರೆದಳು.

“ಇಂಜೆಕ್ಷನ್ ಸಾವಕಾಶ ಹಾಕ್ರಿ ಅನ್ನೂದು ನಿನಗ ಹೆಂಗ ತಿಳೀತು? ಆ ಮರಿಗೋಳ ಎದಿ ನೋಡಿ ನೋಡಿ ಅಲ್ಲೇನು?”

ಇಷ್ಟು ವರ್ಷಗಳಲ್ಲಿ ಅವಳಾಗಿ ಆ ಸುದ್ದಿ ತೆಗೆದದ್ದು ಅದೇ ಮೊದಲು. ನನಗೆ ಸಿರಿಂಜಿನ ಮುಂದೆ ಆದಷ್ಟೇ ಹೆದರಿಕೆಯಾಯಿತು. “ಹೌದವ್ವ” ಎಂದೆ.

“ಸಿಂಪಿ ಒಲ್ಲೆ ಅಂದಾಕಿ ನಾ. ಈಗ ಅವುಗೋಳ ಜೀವ ತಿಂದ ಉಳದೀನಿ.” ಅವಳು ತನ್ನ ಅಂಗೈ ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ನೋಡಿಕೊಂಡಳು. “ಮತ್ತ ಅದ ಕೆಲಸಕ್ಕ ಹೋಗ್ತಿಯಲ್ಲ?”

“ಹೋಗ್ತೇನಿ.”

“ಹೋಗು. ಬ್ಯಾಡ ಅನ್ನಾಕ ನನಗ ಬಾಯಿ ಎಲ್ಲೈತಿ? ಹೋದ ಕೂಡ್ಲೆ, ಕೈ ಹಚ್ಚೂ ಮೊದಲ, ಅವಕ್ಕ ಕೈ ಮುಗಿ. ನನ್ನ ಹೆಸರಲೆ ಕ್ಷಮಾ ಬೇಡು. ನಿನ್ನ ಹೆಸರಲೆ ಸೈತ ಬೇಡು.”

ಪುಣೆಗೆ ಹೋದ ದಿನ, ಬಣ್ಣದ ಸೀಸೆ ಹೊರಗೆ ತೆಗೆಯುವ ಮೊದಲು, ಸುತ್ತ ಯಾರೂ ಇಲ್ಲದ್ದು ನೋಡಿ ಮರಿಗಳ ಪಂಜರದ ಎದುರು ಕೈ ಜೋಡಿಸಿದೆ. ಕಣ್ಣು ಇನ್ನೂ ತೆರೆಯದ ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡು ಮಲಗಿದ್ದವು. ಅವ್ವನ ಹೆಸರಿನಲ್ಲಿ ಬೇಡಿದೆ. ನನ್ನ ಹೆಸರಿನಲ್ಲಿ ಬೇಡಲು ಬಾಯಿ ಬರಲಿಲ್ಲ. ಇನ್ನೊಂದು ಗಳಿಗೆಗೆ ನಾನು ಮಾಡಲಿದ್ದುದು ನನಗೆ ಗೊತ್ತಿತ್ತು.